ಆರತಿಗೆ 92 ಕೋಟಿ, ಈಜಿಗೆ ಒಂದು ಫಲಕ

ಕೃಷ್ಣರಾಜಸಾಗರದಲ್ಲಿ ಕಾವೇರಿ ಆರತಿ ಮಾಡಲು ರಾಜ್ಯ ಸರ್ಕಾರ 92.30 ಕೋಟಿ ರೂಪಾಯಿಯ ಯೋಜನೆ ಹಾಕಿದಾಗ ರೈತ ಸಂಘದವರು ಬೀದಿಗಿಳಿದರು, ತಕರಾರು ಹೈಕೋರ್ಟಿಗೂ ಹೋಯಿತು. ಅಣೆಕಟ್ಟೆಯ ಸುರಕ್ಷತೆ, ಭಕ್ತಿ, ಪ್ರವಾಸೋದ್ಯಮ ಎಂದು ವಾದ ಬೆಳೆಯಿತು. 2025ರ ದಸರೆಯಲ್ಲಿ ಸಾಂಕೇತಿಕವಾಗಿ ಆರತಿ ಎತ್ತಿದ್ದೂ ಆಯಿತು. ನನ್ನ ಪ್ರಶ್ನೆ ಬೇರೆ. ನದಿಗೆ ಕೈಮುಗಿಯಲು ಇಷ್ಟು ದುಡ್ಡು ಹುಡುಕುವವರು, ಅದೇ ನದಿ ದಡದ ಮಕ್ಕಳಿಗೆ ಈಜು ಕಲಿಸಲು ಎಷ್ಟು ಎತ್ತಿಟ್ಟಿದ್ದಾರೆ?

ಶ್ರೀರಂಗಪಟ್ಟಣದ ಸಂಗಮ, ಬಲಮುರಿ, ಪಾಂಡವಪುರದ ತೊಣ್ಣೂರು ಕೆರೆ, ಕೆ.ಆರ್. ಪೇಟೆಯ ಹೇಮಾವತಿ. ಇಷ್ಟು ನೀರಿರುವ ಸೀಮೆಯಲ್ಲಿ ಆಡಳಿತಕ್ಕೆ ಗೊತ್ತಿರುವ ನಿಯಮ ಒಂದೇ: ಇಳಿಯಬೇಡಿ ಎಂಬ ಫಲಕ. ಬೇಸಿಗೆ ರಜೆ ಬಂದರೆ ಹುಡುಗರು ಫಲಕದ ಪಕ್ಕದಲ್ಲೇ ಬಟ್ಟೆ ಬಿಚ್ಚಿಟ್ಟು ಇಳಿಯುತ್ತಾರೆ. ಮುಳುಗಿದ ಸುದ್ದಿ ಮರುದಿನ ಜಿಲ್ಲಾ ಪುಟದಲ್ಲಿ.

ಮಕ್ಕಳಿಗೆ ಈಜು ಕಲಿಸಲು ನೀರಿನ ಆಟವೇ ಒಳ್ಳೆಯ ದಾರಿ. ಆದರೆ ಎಲ್ಲ ಮಟ್ಟಕ್ಕೂ ಒಂದೇ ನಿಯಮ ಹೊರಿಸಿದರೆ ಆಟ ಬೆಳೆಯುವುದಿಲ್ಲ ಎನ್ನುವುದಕ್ಕೆ, ಈಜುತ್ತಲೇ ಚೆಂಡನ್ನು ಗೋಲಿಗೆ ಎಸೆಯುವ ವಾಟರ್ ಪೋಲೊ ನೋಡಿ. ಮೇಲ್ಮಟ್ಟದ ಪಂದ್ಯದಲ್ಲಿ ಕಡೇಪಕ್ಷ ಎರಡು ಮೀಟರ್ ಆಳದ ನೀರು ಬೇಕು. ತಂಡಕ್ಕೆ ಏಳು ಜನ, ಎಂಟೆಂಟು ನಿಮಿಷದ ನಾಲ್ಕು ಸುತ್ತು. ಗೋಲ್‌ಕೀಪರ್ ಬಿಟ್ಟು ಉಳಿದವರು ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯುವಂತಿಲ್ಲ, ತಳಕ್ಕೆ ಕಾಲೂರಿ ಆಡುವಂತಿಲ್ಲ. ಇದನ್ನೇ ಓದಿ ಹೇಳಿದರೆ ನಾಗಮಂಗಲದ ದೈಹಿಕ ಶಿಕ್ಷಣ ಶಿಕ್ಷಕರು ನಕ್ಕು ಥ್ರೋಬಾಲ್ ಎತ್ತಿಕೊಳ್ಳುತ್ತಾರೆ. ಆದರೆ ಕೆಳಗಿನ ಹಂತಗಳಿಗೆ ಬಂದಂತೆ ಕಟ್ಟಳೆ ಸಡಿಲವಾಗುತ್ತದೆ. ಹೆಂಗಸರಿಗೆ ಚಿಕ್ಕ ಚೆಂಡು, ಮಕ್ಕಳಿಗೆ ಇನ್ನೂ ಚಿಕ್ಕದು. ಅಮೆರಿಕದ ಹೈಸ್ಕೂಲುಗಳಲ್ಲಿ ಸುತ್ತಿಗೆ ಏಳೇ ನಿಮಿಷ. ಅಲ್ಲಿನ ಕಾಲೇಜುಗಳಲ್ಲಂತೂ ಟ್ಯೂಬಿನ ಮೇಲೆ ಕೂತೇ ಆಡುವ ಪೋಲೊ ಉಂಟು. ಗಂಡಸರ ಅಂತರರಾಷ್ಟ್ರೀಯ ಅಂಕಣವನ್ನೇ 2025ರಲ್ಲಿ 30 ಮೀಟರಿನಿಂದ 25ಕ್ಕೆ ಇಳಿಸಿದರು. ದೊಡ್ಡವರೇ ತಮಗೆ ಬೇಕಾದಂತೆ ನಿಯಮ ತಿದ್ದಿಕೊಳ್ಳುವಾಗ ನಮ್ಮ ಹಳ್ಳಿ ಮಕ್ಕಳಿಗೇಕೆ ಒಲಿಂಪಿಕ್ಸ್ ಅಳತೆ?

ಹಾಗೆ ನೋಡಿದರೆ ಹಂತಹಂತದ ಕಲಿಕೆ ನಮಗೆ ಹೊಸದಲ್ಲ. ಹಿಂದೆ ಹಿರಿಯರು ಮಕ್ಕಳ ಬೆನ್ನಿಗೆ ಬೆಂಡು ಕಟ್ಟಿ, ನಡುವಿಗೆ ಹಗ್ಗ ಬಿಗಿದು ಬಾವಿಗೆ ಇಳಿಸುತ್ತಿದ್ದರು. ಕೈಕಾಲು ಹದಕ್ಕೆ ಬಂದಂತೆ ಬೆಂಡು ಕಳಚುತ್ತಿದ್ದರು. ಆ ತೆರೆದ ಬಾವಿಗಳನ್ನು ಬೋರ್‌ವೆಲ್ ನುಂಗಿತು. ಕಲಿಯುವ ಜಾಗ ಹೋಯಿತು, ಮುಳುಗುವ ಜಾಗಗಳು ಮಾತ್ರ ಉಳಿದವು.

ಹಾಗಂತ ನಾಲೆಗೆ ಇಳಿಯಿರಿ ಎಂದು ನಾನು ಹೇಳುತ್ತಿಲ್ಲ. ವಿಶ್ವೇಶ್ವರಯ್ಯ ನಾಲೆಯ ಸೆಳೆತಕ್ಕೆ, ಜಾರುವ ಏರಿಗೆ ಈಜು ಬಲ್ಲವರೂ ಸಿಕ್ಕಿ ಸತ್ತಿದ್ದಾರೆ. ಅಲ್ಲಿ ನಿಷೇಧ ಇರಲಿ, ತಡೆಗೋಡೆಯೂ ಇರಲಿ. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಉರುಳಿ 30 ಜನ ಹೋದರು. ಮುಚ್ಚಿದ ಬಸ್ಸಿನೊಳಗೆ ಈಜು ಉಳಿಸುತ್ತಿತ್ತು ಎನ್ನುವುದು ಸುಳ್ಳು ಸಮಾಧಾನ. ಆದರೆ ಮನೆ ಮುಂದೆಯೇ ನಾಲೆ ಹರಿಯುವ ಊರಿನಲ್ಲಿ ಈಜು ಬಾರದೆ ಬೆಳೆಯುವ ಮಗುವಿಗೆ ಯಾವ ಫಲಕ ಆಸರೆ?

ಆ ಮಗುವಿಗೆ ಬೇಕಾದದ್ದು ಕಲಿಯಲೊಂದು ಈಜುಕೊಳ. ಕುಡಿಯುವ ನೀರಿಗೇ ಪರದಾಡುವಾಗ ಕೊಳವೇ ಎಂದು ನಾಗಮಂಗಲದವರು ಕೇಳಬಹುದು, ಕೇಳಬೇಕು ಕೂಡ. ಕೊಳದ ನೀರನ್ನು ದಿನವೂ ಚೆಲ್ಲುವುದಿಲ್ಲ, ಸೋಸಿ ಮತ್ತೆ ಬಳಸುತ್ತಾರೆ. ಆಳವೂ ಬೇಕಿಲ್ಲ. ಎದೆಮಟ್ಟದ ನೀರು, ಸಣ್ಣ ಚೆಂಡು, ಎರಡೂ ಕಡೆ ಐದೈದು ಮಕ್ಕಳು, ಮೊದಲ ವರ್ಷ ಕಾಲೂರಲು ಒಪ್ಪಿಗೆ. 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇದೇ ವಾಟರ್ ಪೋಲೊದಲ್ಲಿ ಚಿನ್ನ ಗೆದ್ದ ದೇಶ ನಮ್ಮದು, ಆಮೇಲೆ ಮತ್ತೆ ಚಿನ್ನ ಗೆಲ್ಲಲಿಲ್ಲ. ಪದಕದ ಮಾತು ಬಿಡಿ, ಅದು ನನಗೆ ದೊಡ್ಡದಲ್ಲ. ಚೆಂಡಿನ ಆಸೆಗೆ ನೀರಿಗಿಳಿದ ಮಗು ತೇಲಲು ಕಲಿತರೆ ಸಾಕು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ಶಾಸಕರು ಮುಂದಿನ ಬಜೆಟ್ಟಿಗೆ ಮೊದಲು ತಾಲ್ಲೂಕಿಗೊಂದು ಕಲಿಕೆಯ ಕೊಳ, ಅದಕ್ಕೊಬ್ಬ ಪೂರ್ಣಾವಧಿ ತರಬೇತುದಾರ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ಕೇಳಲಿ. ಆರತಿಯ ಲೆಕ್ಕದಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ ಅಲ್ಲೇ ಕೇಳಲಿ.