ಯಂತ್ರದ ವ್ಯಾಕರಣ, ಮಕ್ಕಳ ಅಳುಕು

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಶಾಲೆಯಲ್ಲಿ ಓದಿದ ವಿದ್ಯಾರ್ಥಿಯು ಕಾಲೇಜಿನಲ್ಲಿ ಮೊದಲ ಪ್ರೋಗ್ರಾಂ ಬರೆದಾಗ ಪರದೆಯ ಮೇಲೆ ದೋಷವರದಿ ಮೂಡುತ್ತದೆ. ವರದಿಯು ಇಂಗ್ಲಿಷಿನಲ್ಲಿರುವುದರಿಂದ ತನ್ನ ಇಂಗ್ಲಿಷೇ ಸಾಲದೆಂದು ವಿದ್ಯಾರ್ಥಿ ಕುಗ್ಗುತ್ತಾನೆ. ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದೇ ತಪ್ಪಾಯಿತೆಂದು ಹೆತ್ತವರು ಕೊರಗುತ್ತಾರೆ. ಇದು ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು. ದೋಷದ ಸ್ವರೂಪವನ್ನು ಮೊದಲು ಪರಿಶೀಲಿಸೋಣ.

1990ರಲ್ಲಿ ರೂಪುಗೊಂಡ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಹೊಸಬರು ಅದರಲ್ಲಿ ಎಡವುವ ಸ್ಥಳಗಳು ಬಹುಮಟ್ಟಿಗೆ ನಿಶ್ಚಿತವಾಗಿವೆ.

ಅಲ್ಲಿ 'ಇಫ್' ಎಂದ ಮೇಲೆ 'ಎಲ್ಸ್' ಇರಲೇಬೇಕು. ಸಿ ಭಾಷೆಯಲ್ಲಿ ಅದನ್ನು ಬಿಡಬಹುದು, ಹ್ಯಾಸ್ಕೆಲ್‌ನಲ್ಲಿ ಬಿಡುವಂತಿಲ್ಲ. ಏಕೆಂದರೆ ಅಲ್ಲಿ ಅದು ಬರಿಯ ಆಜ್ಞೆಯಲ್ಲ, ಬೆಲೆಯೊಂದನ್ನು ಕೊಡುವ ಉಕ್ತಿ. ಷರತ್ತು ಸುಳ್ಳಾದಾಗಲೂ ಬೆಲೆ ದೊರೆಯಬೇಕು. ಫಂಕ್ಷನ್ನಿನ ಹೆಸರಿನ ಮುಂದೆ -3 ಎಂದು ಬರೆದರೆ, ಆ ಫಂಕ್ಷನ್ನಿನಿಂದಲೇ 3ನ್ನು ಕಳೆಯಬೇಕೆಂದು ಯಂತ್ರವು ಅರ್ಥಮಾಡಿಕೊಳ್ಳುತ್ತದೆ. ಋಣಸಂಖ್ಯೆಯನ್ನು ಕಂಸದೊಳಗೆ ಇಡಬೇಕು. ಮುಂದುವರಿದ ಸಾಲು ಆರಂಭದ ಸಾಲಿಗಿಂತ ಬಲಕ್ಕೆ ಸರಿದಿರಬೇಕು; ಎಡ ಅಂಚಿಗೆ ಬಂದರೆ ಯಂತ್ರವು ಅದನ್ನು ಹೊಸ ವಾಕ್ಯವೆಂದೇ ಎಣಿಸುತ್ತದೆ. ಪೈಥಾನ್ ಕಲಿಯುವವರಿಗೂ ಅಂಚಿನ ಈ ಶಿಸ್ತು ಪರಿಚಿತ.

ಇವುಗಳಲ್ಲಿ ಯಾವುದೂ ಇಂಗ್ಲಿಷಿನ ಕೊರತೆಯಲ್ಲ. ಇಂಗ್ಲಿಷ್ ಮಾಧ್ಯಮದವರೂ ಇಲ್ಲಿಯೇ ಎಡವುತ್ತಾರೆ. ನಮ್ಮ ಮಕ್ಕಳಿಗೆ ವಿಶೇಷವಾಗಿ ಹೇಳಬೇಕಾದುದು ಒಂದುಂಟು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಹ್ಯಾಸ್ಕೆಲ್‌ನಲ್ಲಾದರೋ ಫಂಕ್ಷನ್ನಿನ ಹೆಸರು ದೊಡ್ಡಕ್ಷರದಿಂದ ಆರಂಭವಾಗಕೂಡದು. ಈ ನಿಯಮವನ್ನು ಮೊದಲ ದಿನವೇ ತಿಳಿಸಿದರೆ ಸಾಕು.

ಕಾನೂನಿನ ವಾಕ್ಯದಲ್ಲಿ ಅಲ್ಪವಿರಾಮವು ಸ್ಥಾನ ತಪ್ಪಿದ್ದರೆ ನ್ಯಾಯಾಧೀಶರು ಶಾಸನಕರ್ತರ ಉದ್ದೇಶವನ್ನು ಅರಸಬಲ್ಲರು. ಕಂಪೈಲರ್‌ಗೆ ಉದ್ದೇಶ ತಿಳಿಯದು, ಬರೆದುದಷ್ಟೇ ತಿಳಿಯುತ್ತದೆ. ಆದ್ದರಿಂದ ಅದರ ನಿರಾಕರಣೆಯು ಶಿಕ್ಷೆಯಲ್ಲ; ತಿದ್ದಿ ಮರಳಿ ಸಲ್ಲಿಸಿರೆಂದು ಅರ್ಜಿಯನ್ನು ಹಿಂದಿರುಗಿಸಿದಂತೆ.

ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯು ಮುಂದೆ ಮಳಖೇಡಕ್ಕೆ ಸಾಗುತ್ತದೆ. ರಾಷ್ಟ್ರಕೂಟರ ಆ ರಾಜಧಾನಿಯ ಆಶ್ರಯದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದವೇ ದೋಷಗಳ ವಿವೇಚನೆ, ಅಲಂಕಾರಗಳು ಆಮೇಲೆ. ದೋಷವನ್ನು ಹೆಸರಿಟ್ಟು ಗುರುತಿಸುವುದೇ ಕಲಿಕೆಯ ಬಾಗಿಲೆಂಬುದು ನಮ್ಮ ನೆಲಕ್ಕೆ ಹೊಸದಲ್ಲ.

ಪಾಲಕರಲ್ಲಿ ನನ್ನ ಸೂಚನೆ ಇಷ್ಟೇ. ಹತ್ತು ದೋಷಗಳು ಕಂಡರೆ ಮೊದಲನೆಯದನ್ನು ಮಾತ್ರ ಓದಲು ಹೇಳಿ. ಉಳಿದವು ಅನೇಕ ವೇಳೆ ಅದರ ಸಂತಾನ. ವರದಿಯಲ್ಲಿರುವ ಸಾಲಿನ ಸಂಖ್ಯೆಯನ್ನು ನೋಡಲಿ. ಅಲ್ಲಿ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲನ್ನು ನೋಡಲಿ. ಪ್ರತಿ ದೋಷವನ್ನೂ ಅದರ ಪರಿಹಾರವನ್ನೂ ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಲಿ. ಆ ಪುಸ್ತಕವು ತುಂಬುತ್ತ ಹೋದಂತೆ ಅಳುಕು ತಾನಾಗಿ ಕರಗುವುದು.