ಹೆಸರಿನಲ್ಲಿ ‘ಸಾಮ್ರಾಜ್ಯ’ ಇದ್ದರೆ ಜಪಾನ್ ಇನ್ನೂ ಸಾಮ್ರಾಜ್ಯವೇ?

ಟೋಕಿಯೋದ ಹೆಸರಾಂತ ಹೋಟೆಲೊಂದರ ಹೆಸರು ‘ತೇಕೊಕು ಹೋಟೆಲ್’. ‘ತೇ’ ಎಂದರೆ ಚಕ್ರವರ್ತಿ, ‘ಕೊಕು’ ಎಂದರೆ ದೇಶ. ಎರಡೂ ಸೇರಿದರೆ ಸಾಮ್ರಾಜ್ಯ. ಇದನ್ನೇ ತೋರಿಸಿ ‘ಜಪಾನ್ ಇವತ್ತಿಗೂ ಸಾಮ್ರಾಜ್ಯ’ ಎಂದು ಯಾರಾದರೂ ಮೆಸೇಜ್ ಕಳಿಸಿದರೆ ನಂಬಬೇಕೇ? ಬೇಡ.

1889ರ ಸಂವಿಧಾನದಲ್ಲಿ ದೇಶದ ಹೆಸರು ‘ದಾಯ್ ನಿಪ್ಪೊನ್ ತೇಕೊಕು’, ಅಂದರೆ ಮಹಾ ಜಪಾನ್ ಸಾಮ್ರಾಜ್ಯ ಎಂದಿತ್ತು. ಆ ಕಾಲದಲ್ಲಿ ಈ ಪದಕ್ಕೆ ಭಾರೀ ಗೌರವ. 1890ರಲ್ಲಿ ಹೋಟೆಲ್, 1911ರಲ್ಲಿ ‘ತೇಕೊಕು’ ನಾಟಕಮಂದಿರ ಶುರುವಾದವು. ವಿಶ್ವವಿದ್ಯಾಲಯಗಳಿಗೂ ಇದೇ ಹೆಸರು ಬಂತು.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತಿತು. 1947ರ ಮೇ 3ರಂದು ಜಾರಿಯಾದ ಹೊಸ ಸಂವಿಧಾನದಲ್ಲಿ ದೇಶದ ಹೆಸರು ಬರೀ ‘ನಿಹೊನ್‌ಕೊಕು’, ಅಂದರೆ ಜಪಾನ್ ದೇಶ. ಅಧಿಕಾರ ಜನರದ್ದು, ಚಕ್ರವರ್ತಿ ದೇಶದ ಸಂಕೇತ ಮಾತ್ರ. ಅದೇ ವರ್ಷ ಟೋಕಿಯೋ ವಿಶ್ವವಿದ್ಯಾಲಯವೂ ‘ತೇಕೊಕು’ ಪದವನ್ನು ಕೈಬಿಟ್ಟಿತು. ಹೋಟೆಲ್, ನಾಟಕಮಂದಿರಗಳು ಹಳೆಯ ಹೆಸರನ್ನೇ ಉಳಿಸಿಕೊಂಡವು. ‘ತೇಜಿನ್’ ಎಂಬ ನೂಲಿನ ಕಂಪನಿಯ ಹೆಸರಿನ ‘ತೇ’ ಕೂಡ ಅದೇ ಪದದ ತುಣುಕು.

ಇಂದು ಆ ಪದ ಹೆಚ್ಚಾಗಿ ಇತಿಹಾಸ, ಸಿನಿಮಾ, ಕಥೆಗಳಲ್ಲಿ ಕಾಣುತ್ತದೆ. ರೋಮನ್, ಮೊಘಲ್ ಸಾಮ್ರಾಜ್ಯಗಳು ಜಪಾನೀಯರಿಗೆ ‘ತೇಕೊಕು’. ಸ್ಟಾರ್ ವಾರ್ಸ್ ಸಿನಿಮಾದ ದುಷ್ಟ ಸಾಮ್ರಾಜ್ಯವೂ ‘ತೇಕೊಕು’. ಆದರೆ ನಾವು ಸಾಮ್ರಾಜ್ಯ ಎನ್ನುವ ವಿಜಯನಗರವನ್ನು ಅವರು ಸಾಮಾನ್ಯವಾಗಿ ‘ಓಕೊಕು’, ಅಂದರೆ ರಾಜ್ಯ ಎಂದು ಬರೆಯುತ್ತಾರೆ. ಅದು ವಿಜಯನಗರಕ್ಕೆ ಮಾಡಿದ ಅವಮಾನವೂ ಅಲ್ಲ, ಭಾಷೆಯ ರೂಢಿ ಅಷ್ಟೇ.

ಬೋರ್ಡಿನ ಮೇಲಿನ ಪದ ಆ ಹೆಸರಿಟ್ಟ ಕಾಲವನ್ನು ಹೇಳುತ್ತದೆ. ಇಂದಿನ ಆಡಳಿತ ತಿಳಿಯಲು ಸಂವಿಧಾನವನ್ನೇ ನೋಡಬೇಕು. ಫಾರ್ವರ್ಡ್ ಮಾಡುವ ಮುನ್ನ ಇದು ನೆನಪಿರಲಿ.