ಕುಂಡದಲ್ಲಿ ಬೆಳೆಯುವ ಅಪಾಯ

ಮಹಡಿಯ ಕುಂಡದಲ್ಲಿ ಬೀಜ ಬಿತ್ತಿ ಗಾಂಜಾ ಗಿಡ ಬೆಳೆಸುವುದು ನಿರುಪದ್ರವಿ ಹವ್ಯಾಸವೆಂದು ಕೆಲವು ಯುವಕರು ಭಾವಿಸಿದಂತಿದೆ. 1985ರ ಮಾದಕ ದ್ರವ್ಯ ಕಾಯ್ದೆಯು ಹೂತೆನೆಯಿಲ್ಲದ ಬೀಜ, ಎಲೆಗಳನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ನಿಜ. ಆದರೆ ಪರವಾನಗಿಯಿಲ್ಲದೆ ಗಿಡ ಬೆಳೆಸಿದರೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಈ ಅರ್ಧಸತ್ಯವನ್ನು ನಂಬಿದ ಹುಡುಗನ ಭವಿಷ್ಯವೇ ಜೈಲು ಪಾಲಾದೀತು.

ಮಗನ ವ್ಯಸನದ ಸುಳಿವು ಸಿಕ್ಕಾಗ ಹೆತ್ತವರಾದ ನಾವು ಮಾನಕ್ಕಂಜಿ ಮುಚ್ಚಿಡುತ್ತೇವೆ. ಇದರಿಂದ ಆತ ಉಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವ್ಯವಸ್ಥೆಯಿದೆ. ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆ ಹಾಗೂ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಅದೇ ಕಾಯ್ದೆಯ 64ಎ ಕಲಮು ರಕ್ಷಣೆ ನೀಡುತ್ತದೆ. ಅಮಲು ನಿಷಿದ್ಧವೆಂದು ಮಿಂಬರ್‌ನಿಂದ ಸಾರಿದರಷ್ಟೇ ಸಾಲದು. ಬಹಿಷ್ಕಾರದ ಬದಲು ಚಿಕಿತ್ಸೆಯ ದಾರಿ ತೋರಿಸುವ ಹೊಣೆಯನ್ನು ನಮ್ಮ ಜಮಾಅತ್‌ಗಳು ಹೊರಬೇಕು. ಪೊಲೀಸರು ಮನೆಬಾಗಿಲಿಗೆ ಬರುವ ಮೊದಲೇ ನಾವು ಎಚ್ಚೆತ್ತುಕೊಳ್ಳೋಣ.